ಪಾಪವಿಲ್ಲದ ತುಪ್ಪಳ

ದುಬೈಯಲ್ಲಿ ನನ್ನ ಕೆಲಸ ತುಪ್ಪಳದ ಕೋಟು ಹೊಲಿಯುವುದು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ಮೊದಲ ಸಲ ರಜೆಗೆ ಹೋದಾಗ ಅತ್ತೆ, ಆ ಸೆಕೆಯಲ್ಲಿ ಅದನ್ನು ಹಾಕಿಕೊಳ್ಳುವ ಹುಚ್ಚರು ಯಾರೆಂದು ಕೇಳಿದ್ದರು. ರಷ್ಯಾದವರು, ಅವರ ಊರಿನ ಚಳಿಗೆ ಇಲ್ಲಿ ಬಂದು ಕೋಟು ಕೊಳ್ಳುತ್ತಾರೆ ಎಂದೆ. ಅತ್ತೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಆಮೇಲೆ ಪಕ್ಕದ ಮನೆಯವರ ಹತ್ತಿರ ಸೊಸೆ ಬುರ್ಖಾ ಹೊಲಿಯುತ್ತಾಳೆ ಎಂದು ಹೇಳಿಬಿಟ್ಟರು. ನಾನು ತಿದ್ದಲು ಹೋಗಲಿಲ್ಲ. ಈಗಲೂ ಊರಿನಲ್ಲಿ ನಾನು ಬುರ್ಖಾ ಹೊಲಿಯುವವಳೇ.

ನಾನು ಉಡುಪಿ ಕಡೆಯ ಬ್ಯಾರಿ ಮುಸ್ಲಿಂ ಹೆಂಗಸು. ಮನೆಮಾತು ಬ್ಯಾರಿ, ಶಾಲೆಯಲ್ಲಿ ಕಲಿತದ್ದು ಕನ್ನಡ, ಹಿತ್ತಲಿನ ಆಚೆಯ ಟೈಲರಮ್ಮನ ಹತ್ತಿರ ಕಲಿತದ್ದು ಹೊಲಿಗೆ. ಮದುವೆಯಾಗಿ ದುಬೈಯ ಅಲ್ ನಹ್ದಾದ ಫ್ಲ್ಯಾಟಿಗೆ ಬಂದ ಮೇಲೆ ಕಟ್ಟಡದ ಹೆಂಗಸರಿಗೆ ಬ್ಲೌಸು, ಮಕ್ಕಳಿಗೆ ಯೂನಿಫಾರ್ಮು ಹೊಲಿದುಕೊಡುತ್ತಿದ್ದೆ. ಗಂಡ ಜೆಬೆಲ್ ಅಲಿ ಬಂದರಿನಲ್ಲಿ ಕಂಟೇನರು ಇಳಿಸುವ ಕಡೆ ಸೂಪರ್‌ವೈಸರ್. ಮಗಳು ಶಾಲೆಗೆ ಸೇರಿದ ವರ್ಷ ಅವರ ಪರಿಚಯದ ಭಟ್ಕಳದ ವ್ಯಾಪಾರಿಯೊಬ್ಬರು, ಕೈಹೊಲಿಗೆ ಅಚ್ಚುಕಟ್ಟಾಗಿ ಬರುವ ಒಬ್ಬರು ಬೇಕೆಂದರು. ಏನು ಹೊಲಿಯಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊದಲ ದಿನ ಮೇಜಿನ ಮೇಲೆ ಸಾಲಾಗಿ ಮಲಗಿದ್ದ ನರಿಚರ್ಮಗಳನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ.

ಅವರನ್ನು ನಾವು ಸಾಹೇಬರು ಎನ್ನುತ್ತೇವೆ. ಇಪ್ಪತ್ತರ ಹರೆಯದಲ್ಲಿ ದುಬೈಗೆ ಬಂದು ದೇರಾದ ಹಳೆ ಪೇಟೆಯಲ್ಲಿ ಬಟ್ಟೆ ಮಾರಿದವರು, ಆಮೇಲೆ ರಷ್ಯಾದ ಪ್ರವಾಸಿಗಳು ಸೂಟ್‌ಕೇಸು ತುಂಬಿಕೊಂಡು ಹೋಗುವುದನ್ನು ನೋಡಿ ಕೋಟಿಗೆ ತಿರುಗಿದವರು. ರಷ್ಯನ್ ಭಾಷೆಯಲ್ಲಿ ಅವರಿಗೆ ಹೊಗಳುವ ಮಾತುಗಳಷ್ಟೇ ಬರುತ್ತವೆ. ಗಿರಾಕಿ ಬೈದರೆ ಅರ್ಥವಾಗುವುದಿಲ್ಲ. ವ್ಯಾಪಾರಕ್ಕೆ ಅಷ್ಟು ಭಾಷೆ ಸಾಕೆಂದು ಅವರ ಅಭಿಪ್ರಾಯ. ಅಂಗಡಿ ದೇರಾದಲ್ಲಿ, ವರ್ಕ್‌ಶಾಪು ಮತ್ತು ಕೋಟು ಇಡುವ ತಣ್ಣನೆಯ ಕೋಣೆ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನ ಒಂದು ಶೆಡ್ಡಿನಲ್ಲಿ. ಎಡಗಡೆ ಬಾತ್‌ರೂಮಿನ ಟೈಲ್ಸಿನವರು, ಬಲಗಡೆ ಬೇಳೆಕಾಳು ಪ್ಯಾಕ್ ಮಾಡುವವರು, ನಡುವೆ ಸೈಬೀರಿಯಾದಷ್ಟು ತಂಪಿನಲ್ಲಿ ನಾವು. ಹೊರಗೆ ಎಲ್ಲರೂ ಬೆವರು ಒರೆಸಿಕೊಳ್ಳುತ್ತಿದ್ದರೆ ನಾನು ಸ್ವೆಟರ್ ಹಾಕಿಕೊಂಡು ಕೆಲಸ ಮಾಡುತ್ತೇನೆ. ಊರಿನವರಿಗೆ ಇದನ್ನಂತೂ ಹೇಳುವುದೇ ಇಲ್ಲ.

ಕೆಲಸ ಕಲಿಸಿದವರು ತುರ್ಕಿಯ ಒಬ್ಬ ಮುದುಕ ಉಸ್ತಾದರು, ಈಗ ತಮ್ಮ ದೇಶಕ್ಕೆ ಹೋಗಿದ್ದಾರೆ. ತುಪ್ಪಳವನ್ನು ಕತ್ತರಿಯಿಂದ ಕತ್ತರಿಸಬಾರದು, ಕೂದಲು ತುಂಡಾಗುತ್ತದೆ. ಚರ್ಮವನ್ನು ಬೋರಲು ಮಲಗಿಸಿ ಹಿಂದಿನಿಂದ ಬ್ಲೇಡು ಆಡಿಸಬೇಕು. ಹಾಗೆ ಹಿಂದಿನಿಂದ ನೋಡುವಾಗ ಪ್ರಾಣಿ ಬದುಕಿದ ಬಗೆ ಕಾಣುತ್ತದೆ. ಎಲ್ಲೋ ಜಗಳವಾಡಿ ಕಚ್ಚಿಸಿಕೊಂಡದ್ದು, ಮುಳ್ಳು ಗೀರಿದ್ದು, ಗಾಯ ಮಾಗಿದ್ದು. ಅಂಥ ಜಾಗವನ್ನು ಎಲೆಯ ಆಕಾರದಲ್ಲಿ ಕತ್ತರಿಸಿ ತೆಗೆದು ಸೇರಿಸಿ ಹೊಲಿಯಬೇಕು. ಮೇಲಿನಿಂದ ನೋಡಿದವರಿಗೆ ಗೊತ್ತೇ ಆಗಬಾರದು. ನನಗೆ ಅದು ಚೆನ್ನಾಗಿ ಬರುತ್ತದೆ ಎಂದು ಉಸ್ತಾದರು ಹೇಳುತ್ತಿದ್ದರು, ನಾನು ಹೆಮ್ಮೆಪಡುತ್ತಿದ್ದೆ. ಹೆಮ್ಮೆಯನ್ನು ಬಿಟ್ಟು ಬೇರೇನೂ ಯೋಚಿಸಿರಲಿಲ್ಲ ಎಂದು ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

ಯೋಚಿಸುವ ಕೆಲಸವನ್ನು ನನ್ನ ಮಗಳು ಎಂಟನೇ ತರಗತಿಯಲ್ಲಿ ವಹಿಸಿಕೊಂಡಳು. ಶಾಲೆಯಲ್ಲಿ ಪ್ರಾಣಿಗಳ ಬಗ್ಗೆ ಪ್ರಾಜೆಕ್ಟು ಕೊಟ್ಟಿದ್ದರು. ಎರಡು ದಿನ ಲ್ಯಾಪ್‌ಟಾಪಿನ ಮುಂದೆ ಕೂತು, ಮೂರನೆಯ ದಿನ ಸಂಜೆ ನಾನು ಕೆಲಸದಿಂದ ಬಂದು ಅವಳ ತಲೆ ಸವರಲು ಹೋದರೆ ಪಕ್ಕಕ್ಕೆ ಸರಿದಳು. ಮೊದಲು ಕೈ ತೊಳೆದುಕೊಂಡು ಬಾ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಾವು ಬ್ಯಾರಿಯಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳ ಉತ್ತರ ಇಂಗ್ಲಿಷಿನಲ್ಲೇ. ಬೈಸಿಕೊಳ್ಳುವಾಗ ಮಾತ್ರ ಯಾವ ಭಾಷೆಯೂ ಅರ್ಥವಾಗದವಳಂತೆ ಕೂರುತ್ತಾಳೆ.

ಆ ರಾತ್ರಿಯ ಊಟಕ್ಕೆ ಕೋಳಿ ಸುಕ್ಕ ಇತ್ತು. ಅವಳ ತಟ್ಟೆಯಲ್ಲಿ ಕಾಲಿನ ತುಂಡು ಹಾಕಿ, ಇದಕ್ಕೂ ಒಂದು ತಾಯಿ ಇತ್ತಲ್ಲ ಎಂದು ಅವಳಪ್ಪ ಕೆಣಕಿದರು. ತಿನ್ನುವುದು ಅಗತ್ಯ, ಕೋಟು ಶೋಕಿ ಎಂದು ಅವಳು ತಿರುಗಿ ಹೇಳಿದಳು. ಹೇಳುತ್ತಾ ಆ ತುಂಡನ್ನು ಎಲುಬಿನವರೆಗೆ ಮುಗಿಸಿದಳು. ಗಂಡ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ನನಗೆ ನಗು ಬಂತು, ಆದರೆ ಮಾತು ಒಳಗೆ ಎಲ್ಲೋ ಕೂತಿತು. ಮರುದಿನ ಮಿಂಕ್ ಎಂಬ ಮುಂಗುಸಿಯಂಥ ಪ್ರಾಣಿಯ ಚರ್ಮ ಬೋರಲು ಹಾಕಿದಾಗ ಅದರಲ್ಲಿ ಕಣ್ಣುಗಳಿದ್ದ ಎರಡು ತೂತುಗಳನ್ನು ನಾನು ಬೇಕೆಂದೇ ಬೇಗ ಬೇಗ ಹೊಲಿದು ಮುಚ್ಚಿದೆ.

ಅದೇ ಚಳಿಗಾಲದ ಆರಂಭಕ್ಕೆ ಸಾಹೇಬರು ಹೊಸ ಮಾಲು ತರಿಸಿದರು. ಕಂದು ಬಣ್ಣದ, ಮುಟ್ಟಿದರೆ ಬೆರಳು ಮುಳುಗುವ ತುಪ್ಪಳ. ನೂಟ್ರಿಯಾ ಎಂದರು. ದೊಡ್ಡ ಇಲಿಯಂಥ ಪ್ರಾಣಿ, ನೀರಿನಲ್ಲಿ ಈಜುತ್ತದೆ, ಹಲ್ಲು ಕಿತ್ತಳೆ ಬಣ್ಣದ್ದು. ಅಮೆರಿಕದ ಜೌಗು ನೆಲದಲ್ಲಿ ಅದು ಹೊರಗಿನಿಂದ ಬಂದು ಹಬ್ಬಿ, ಹುಲ್ಲನ್ನೆಲ್ಲ ಬೇರುಸಹಿತ ತಿಂದು, ನೆಲವೇ ಕುಸಿದು ನೀರುಪಾಲಾಗುತ್ತಿದೆಯಂತೆ. ಅಲ್ಲಿಯ ಸರ್ಕಾರವೇ ಅದನ್ನು ಹಿಡಿಯಿರಿ, ಕೊಲ್ಲಿರಿ ಎನ್ನುತ್ತದಂತೆ. ಹಾಗಾಗಿ ಅದರ ಕೋಟು ಹಾಕಿಕೊಂಡರೆ ಪಾಪವಿಲ್ಲ, ನೆಲಕ್ಕೆ ಉಪಕಾರವೇ ಎಂದು ಮಾಲು ಕಳಿಸಿದವನು ಇಂಗ್ಲಿಷಿನಲ್ಲಿ ಕಾಗದ ಇಟ್ಟಿದ್ದ. ಸಾಹೇಬರು ಅದನ್ನು ಎರಡು ಸಲ ಓದಿ ಕನ್ನಡಕ ತೆಗೆದರು. ಇತ್ತೀಚೆಗೆ ಗಿರಾಕಿಗಳ ಮಕ್ಕಳು ಅಂಗಡಿಯೊಳಗೆ ಬರಲು ಒಪ್ಪದೆ ಹೊರಗೇ ನಿಲ್ಲುತ್ತಿದ್ದರು, ಅದು ಅವರಿಗೆ ಚಿಂತೆಯಾಗಿತ್ತು. ಈ ಕಾಗದ ಅವರ ಪಾಲಿಗೆ ಫತ್ವಾದಂತೆ ಬಂತು.

"ನಾನು ಇಷ್ಟು ವರ್ಷ ಮಾರಿದ್ದೆಲ್ಲ ಒಂದು, ಇದು ಒಂದು," ಎಂದು ನನಗೆ ಹೇಳಿದರು. "ಇದಕ್ಕೆ ಒಂದು ಚಂದದ ಚೀಟಿ ಮಾಡಬೇಕು. ಪಾಪ ಇಲ್ಲ ಅಂತ ಬರೀಬೇಕು, ಆದ್ರೆ ಪಾಪ ಅನ್ನೋ ಶಬ್ದ ಇರ್ಬಾರ್ದು."

ಆ ಚರ್ಮಗಳನ್ನು ಹೊಲಿಯುವಾಗ ಒಂದು ವಿಚಿತ್ರ ಕಂಡೆ. ಉಳಿದ ಪ್ರಾಣಿಗಳನ್ನು ಹೊಟ್ಟೆಯ ಕಡೆಯಿಂದ ಸೀಳುತ್ತಾರೆ, ಇದನ್ನು ಬೆನ್ನಿನ ಕಡೆಯಿಂದ ಸೀಳಿದ್ದರು. ಇದರ ಹೊಟ್ಟೆಯ ತುಪ್ಪಳವೇ ಬಲು ಮೆತ್ತಗೆ, ಅದು ಹಾಳಾಗಬಾರದೆಂದು. ಮೊಲೆಗಳ ಗುರುತು ಹೊಟ್ಟೆಯಲ್ಲಿರಲಿಲ್ಲ, ಎರಡೂ ಪಕ್ಕಗಳಲ್ಲಿ, ಹೆಚ್ಚುಕಡಿಮೆ ಬೆನ್ನಿನ ಹತ್ತಿರ ಸಾಲಾಗಿದ್ದವು. ಯಾಕೆಂದು ಕೇಳಿದೆ. ಸಾಹೇಬರಿಗೆ ಗೊತ್ತಿರಲಿಲ್ಲ, ಫೋನಿನಲ್ಲಿ ಹುಡುಕಿ ಓದಿ ಹೇಳಿದರು: ತಾಯಿ ನೀರಿನಲ್ಲಿ ಈಜುತ್ತಿರುವಾಗಲೂ ಮರಿಗಳು ಪಕ್ಕದಲ್ಲಿ ತೇಲಿಕೊಂಡು ಹಾಲು ಕುಡಿಯಲಿ ಎಂದು. ಹೇಳಿ ಫೋನನ್ನು ಜೇಬಿಗೆ ಹಾಕಿದರು. ಆಮೇಲೆ ಅವರು, ಇದನ್ನು ಚೀಟಿಯಲ್ಲಿ ಬರೆಯುವುದು ಬೇಡ ಎಂದರು.

ಮನೆಗೆ ಬಂದು ಮಗಳಿಗೆ ಸುದ್ದಿ ಹೇಳಿದೆ. ಇನ್ನು ಮುಂದೆ ಕೈ ತೊಳೆಯದೆ ತಲೆ ಸವರಬಹುದು ಎಂಬ ಆಸೆ ನನಗೆ. ಅವಳು ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: ಅದನ್ನು ಆ ಜೌಗಿಗೆ ತಂದವರು ಯಾರು? ನನಗೆ ಗೊತ್ತಿರಲಿಲ್ಲ. ಅವಳೇ ಹುಡುಕಿದಳು. ತಂದವರು ತುಪ್ಪಳದ ವ್ಯಾಪಾರಿಗಳು. ಸಾಕಿ ಚರ್ಮ ಮಾರೋಣವೆಂದು ಬೇರೆ ದೇಶದಿಂದ ತಂದರು, ವ್ಯಾಪಾರ ಬಿದ್ದುಹೋಯಿತು, ಪ್ರಾಣಿಗಳು ಕಾಡುಪಾಲಾದವು. ಈಗ ಅದೇ ತಪ್ಪಿಗೆ ಅವನ್ನು ಕೊಂದು ಪುಣ್ಯದ ಕೋಟು ಮಾಡುತ್ತಿದ್ದೀರಿ ಎಂದಳು. ನಾನು ಹೋಗಿ ಕೈ ತೊಳೆದುಕೊಂಡೆ.

ಮರುದಿನ ಇದನ್ನು ಸಾಹೇಬರಿಗೆ ಹೇಳಿದಾಗ ಅವರಿಗೆ ಸಿಟ್ಟು ಬರಲಿಲ್ಲ. ನಿಮ್ಮ ಮಗಳನ್ನು ವಕೀಲೆ ಮಾಡಿ, ಅಲ್ಲಿಯವರೆಗೆ ನನ್ನ ಅಂಗಡಿಯ ಹತ್ತಿರ ಬಿಡಬೇಡಿ ಎಂದರು.

ಚೀಟಿಯ ಕತೆ ಏನಾಯಿತೆಂದರೆ, ವಾರಕ್ಕೆರಡು ದಿನ ಕೋಟಿನ ಅಳತೆ ಸರಿಪಡಿಸಲು ನಾನು ದೇರಾದ ಅಂಗಡಿಗೆ ಹೋಗುತ್ತೇನೆ. ಒಂದು ದಿನ ರಷ್ಯಾದ ಒಬ್ಬ ಹೆಂಗಸು, ಎತ್ತರದವರು, ಮೂಗು ಬಿಸಿಲಿಗೆ ಸುಟ್ಟು ಕೆಂಪಾಗಿತ್ತು, ನೂಟ್ರಿಯಾ ಕೋಟಿಗೆ ಕಟ್ಟಿದ್ದ ಆ ಚೀಟಿಯನ್ನು ತಿರುಗಿಸಿ ತಿರುಗಿಸಿ ಓದಿದರು. ಸಾಹೇಬರು ಕೈಕಟ್ಟಿ ನಿಂತರು. ಓದಿ ಮುಗಿಸಿದ ಮೇಲೆ ಆ ಹೆಂಗಸು ತುಂಬ ಒಳ್ಳೆಯ ವಿಚಾರ ಎಂಬಂತೆ ತಲೆ ಆಡಿಸಿ, ನೂಟ್ರಿಯಾ ಕೋಟನ್ನು ಕೆನ್ನೆಗೆ ಒತ್ತಿ ನೋಡಿ, ಹ್ಯಾಂಗರಿಗೆ ವಾಪಸು ಹಾಕಿ, ಪಕ್ಕದ ಮಿಂಕನ್ನು ಕೆನ್ನೆಗೆ ಒತ್ತಿದರು. ಮಾರಾಟವಾದದ್ದು ಮಿಂಕೇ. ಆ ಇಡೀ ಸೀಸನ್ನಿನಲ್ಲಿ ಚೀಟಿಯನ್ನು ಅತಿ ಹೆಚ್ಚು ಸಲ ಓದಿದವರು ಸಾಹೇಬರೇ.

ಮಾರ್ಚಿನಲ್ಲಿ ಸೀಸನ್ ಮುಗಿಯುತ್ತದೆ. ಮಾರದೆ ಉಳಿದ ಕೋಟುಗಳು ವರ್ಕ್‌ಶಾಪಿಗೆ ವಾಪಸು ಬರುತ್ತವೆ. ಅವನ್ನು ಕೆಲವು ದಿನ ಗಾಳಿಯಾಡಲು ಹೊರಕೋಣೆಯಲ್ಲಿ ತೂಗುಹಾಕಿ, ಬ್ರಶ್ ಮಾಡಿ, ಆಮೇಲೆ ತಣ್ಣನೆಯ ಕೋಣೆಗೆ ಸೇರಿಸುತ್ತೇವೆ. ನಾವು ಎಂದರೆ ನಾನು ಮತ್ತು ಕುಂದಾಪುರದ ಒಬ್ಬರು. ಐವತ್ತು ದಾಟಿದವರು, ತಣ್ಣನೆಯ ಕೋಣೆಯ ಉಸ್ತುವಾರಿ, ಪ್ಯಾಕಿಂಗು, ದೇರಾಕ್ಕೆ ವ್ಯಾನು ಓಡಿಸುವುದು ಎಲ್ಲ ಅವರದೇ. ಒಂದು ಬೆಳಿಗ್ಗೆ ಅವರು ನನ್ನನ್ನು ಕರೆದು ಒಂದು ನೂಟ್ರಿಯಾ ಕೋಟಿನ ಅಂಚು ತೋರಿಸಿದರು. ಅಂಗೈಯಗಲ ತುಪ್ಪಳ ಬೋಳಾಗಿತ್ತು.

ಈ ಕಸುಬಿನಲ್ಲಿ ಬೋಳು ಎಂದರೆ ನುಸಿ. ಸಾಹೇಬರು ದೇರಾದಿಂದ ಓಡಿ ಬಂದರು. ಮೂವರೂ ಸೇರಿ ಇದ್ದಬದ್ದ ಕೋಟುಗಳನ್ನೆಲ್ಲ ಕೊಡವಿದೆವು. ನುಸಿ ಇರಲಿಲ್ಲ, ಅದರ ಮೊಟ್ಟೆಯೂ ಇರಲಿಲ್ಲ. ಮರುದಿನ ಅದೇ ಕೋಟಿನ ತೋಳು ಬೋಳಾಯಿತು. ಉಳಿದ ಮಿಂಕು, ನರಿ ಯಾವುದಕ್ಕೂ ಏನೂ ಆಗಿರಲಿಲ್ಲ. ನಾನು ಬ್ರಶ್ ಮಾಡುವಾಗ ಜೋರಾಗಿ ಎಳೆದಿರಬೇಕು ಎಂದು ಸಾಹೇಬರು ಮೆಲ್ಲಗೆ ಹೇಳಿದರು. ನಾನು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ.

ಕಳ್ಳನನ್ನು ಹಿಡಿದವರು ಕುಂದಾಪುರದವರೇ. ಮಧ್ಯಾಹ್ನ ಊಟದ ಡಬ್ಬಿ ತೊಳೆದು ಬರುವಾಗ ಎಕ್ಸಾಸ್ಟ್ ಫ್ಯಾನಿನ ಸಂದಿಯಿಂದ ಒಂದು ಅಳಿಲು ಹೊರಗೆ ಬಂತಂತೆ. ಬಾಯಿತುಂಬ ಕಂದು ತುಪ್ಪಳ, ಎರಡೂ ಕಡೆ ಮೀಸೆಯಂತೆ ಜೋತಿತ್ತಂತೆ. ಗೋಡೆಯ ಮೇಲೆ ಓಡಿ ಅಂಗಳದ ಬೇವಿನ ಮರಕ್ಕೆ ಜಿಗಿಯಿತಂತೆ. ಅವರು ಡಬ್ಬಿ ಹಿಡಿದುಕೊಂಡೇ ನಗುತ್ತಾ ಒಳಗೆ ಬಂದರು.

"ಕಾಣಿ ಮಾರಾಯ್ರೆ, ನಮ್ಮೂರಿಂದೇ ಅಳಿಲ್. ಬೆನ್ನ್ ಮೇಲೆ ಗೆರೆ ಸಮೇತ. ಇಲ್ಲಿಗೆ ಹ್ಯಾಂಗ್ ಬಂತೋ."

ಹೇಗೆ ಬಂತೆಂದು ಯಾರಿಗೆ ಗೊತ್ತು. ಹಡಗಿನಲ್ಲಿ ಬಂದಿರಬಹುದು, ಪಂಜರದಲ್ಲಿಟ್ಟು ಮಾರುವವರ ಕೈಯಿಂದ ತಪ್ಪಿಸಿಕೊಂಡಿರಬಹುದು. ನಾನು ಹೊರಗೆ ಹೋಗಿ ನೋಡಿದೆ. ಊರಿನಲ್ಲಿ ತೆಂಗಿನ ಮರದ ಮೇಲೆ ಕಂಡರೆ ತಲೆ ಎತ್ತಿಯೂ ನೋಡದ ಪ್ರಾಣಿ. ಅಲ್ಲಿ, ಟೈಲ್ಸಿನವರ ಫೋರ್ಕ್‌ಲಿಫ್ಟಿನ ಸದ್ದಿನ ನಡುವೆ, ಅದು ಬಾಲ ಕುಣಿಸಿ ಚಿಕ್ ಚಿಕ್ ಎಂದಾಗ ಊರಿನವರು ಯಾರೋ ಸಿಕ್ಕಿದಂತಾಯಿತು. ಬೇಳೆಕಾಳಿನ ಶೆಡ್ಡಿನಲ್ಲಿ ಊಟ, ನಮ್ಮಲ್ಲಿ ಹಾಸಿಗೆ. ದುಬೈಯಲ್ಲಿ ಇಷ್ಟು ಅನುಕೂಲದ ಮನೆ ಯಾರಿಗೂ ಸಿಕ್ಕಿರಲಿಕ್ಕಿಲ್ಲ. ಗೂಡು ಮರದಲ್ಲಿರಲಿಲ್ಲ, ಶೆಡ್ಡಿನ ಹೊರಗೋಡೆಯ ನಮ್ಮ ಹೆಸರಿನ ಬೋರ್ಡಿನ ಹಿಂದೆ ಇತ್ತು. ಏಣಿ ಹಾಕಿ ನೋಡಿದರೆ ನೂಟ್ರಿಯಾದ ಹೊಟ್ಟೆಯ ತುಪ್ಪಳದ ಮೇಲೆ ಮೂರು ಬತ್ತಲೆ ಮರಿಗಳು, ಒಂದೊಂದೂ ನನ್ನ ಹೆಬ್ಬೆರಳಿನಷ್ಟು, ಕಣ್ಣು ಬಿಟ್ಟಿರಲಿಲ್ಲ. ಮಿಂಕನ್ನು ಬಿಟ್ಟು ನೂಟ್ರಿಯಾವನ್ನು ಆರಿಸಿದ ಗಿರಾಕಿ ಕೊನೆಗೂ ಒಂದು ಸಿಕ್ಕಿತು ಎಂದು ಸಾಹೇಬರಿಗೆ ಹೇಳಿದೆ. ಅವರು ನಗಲಿಲ್ಲ.

ಅವರು ಕೀಟ ನಿಯಂತ್ರಣದವನನ್ನು ಕರೆಸಿದರು. ಬಂದವನು ಮಲಯಾಳಿ, ವಿನಯದ ಮನುಷ್ಯ. ಮೇಲೆ ಹತ್ತಿ ನೋಡಿ, ಇದು ಈ ದೇಶದ ಪ್ರಾಣಿಯಲ್ಲ, ಇನ್ವೇಸಿವ್ ಎಂದ. ಹೊರಗಿನಿಂದ ಬಂದು ಹಬ್ಬುವಂಥದ್ದು, ಹಕ್ಕಿಗಳ ಮೊಟ್ಟೆ ತಿನ್ನುತ್ತದೆ, ವೈರು ಕಡಿಯುತ್ತದೆ, ಹಿಡಿದರೆ ಮತ್ತೆ ಹೊರಗೆ ಬಿಡುವಂತಿಲ್ಲ ಎಂದ. ಬಿಡದೆ ಏನು ಮಾಡುತ್ತೀರಿ ಎಂದು ನಾನು ಕೇಳಿದೆ. ಅವನು ನೆಲ ನೋಡಿದ. ನಾಡಿದ್ದು ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗುತ್ತೇನೆ ಎಂದು ಒಂದು ತಂತಿಯ ಪಂಜರ ಇಟ್ಟು ಹೋದ. ಇನ್ವೇಸಿವ್ ಎಂಬ ಶಬ್ದ ಸಾಹೇಬರಿಗೆ ಬಹಳ ಹಿಡಿಸಿತು. ನಮ್ಮ ಚೀಟಿಯಲ್ಲಿ ಬರೆದದ್ದೂ ಅದೇ ಶಬ್ದ.

ಕುಂದಾಪುರದವರು ಪಂಜರ ಮುಟ್ಟಲು ಒಪ್ಪಲಿಲ್ಲ. ಅದರ ಬೆನ್ನಿನ ಗೆರೆ ದೇವರ ಬೆರಳಿನದ್ದು, ನನ್ನ ಕೈಯಲ್ಲಿ ಆಗುವುದಿಲ್ಲ ಎಂದರು. ಗೆರೆಗೂ ನನಗೂ ಸಂಬಂಧವಿಲ್ಲ, ಆದರೂ ನನಗೂ ಮನಸ್ಸು ಬರಲಿಲ್ಲ. ಕಡೆಗೆ ಸಾಹೇಬರೇ ಪಂಜರದೊಳಗೆ ಕಡಲೆಬೀಜ ಹಾಕಿ ಫ್ಯಾನಿನ ಕೆಳಗೆ ಇಟ್ಟರು.

ಮಗಳಿಗೆ ಆಗ ಪರೀಕ್ಷೆ ಮುಗಿದು, ಹೊಸ ತರಗತಿ ಶುರುವಾಗುವ ಮೊದಲಿನ ರಜೆ. ಅಳಿಲಿನ ಸುದ್ದಿ ಕೇಳಿದವಳು ನಾನೂ ಬರುತ್ತೇನೆ ಎಂದು ಹಟ ಹಿಡಿದಳು. ನನ್ನ ವರ್ಕ್‌ಶಾಪಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಮೂಗು ಮುಚ್ಚಿಕೊಂಡೇ ಒಳಗೆ ಬಂದಳು, ತುಪ್ಪಳಕ್ಕೆ ವಾಸನೆ ಇಲ್ಲವೆಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದಳು. ಅಷ್ಟರಲ್ಲಿ ಅಳಿಲು ಪಂಜರದೊಳಗೆ ಬಿದ್ದಾಗಿತ್ತು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓಡುತ್ತಿತ್ತು. ಅದರ ಹೊಟ್ಟೆಯಲ್ಲಿ ಹಾಲು ತುಂಬಿದ ಮೊಲೆಗಳು ಕಾಣುತ್ತಿದ್ದವು.

ಸಾಹೇಬರು ಕುರ್ಚಿ ಹಾಕಿಕೊಂಡು ಪಂಜರದ ಪಕ್ಕ ಕೂತಿದ್ದರು. ಮಗಳು ನೆಲದ ಮೇಲೆ ಕೂತಳು. ಅವಳನ್ನು ಕೆಣಕುವ ಆಸೆ ಅವರಿಗೆ. ಇದೂ ಹೊರಗಿನಿಂದ ಬಂದದ್ದು, ಇದರ ಚರ್ಮಕ್ಕೂ ನಮ್ಮ ಚೀಟಿ ಅಂಟಿಸಬಹುದು, ಆದರೆ ಒಂದು ಬೆರಳಿನ ಟೊಪ್ಪಿಗೆಗಷ್ಟೇ ಸಾಕು ಎಂದರು. ಅವಳು ಇಂಗ್ಲಿಷಿನಲ್ಲಿ, ಅಂಕಲ್, ನೀವೂ ಹೊರಗಿನಿಂದ ಬಂದವರೇ ಅಲ್ಲವೇ ಎಂದಳು. ನಾನು ಅವಳನ್ನು ಗದರಲು ಹೋದೆ. ಸಾಹೇಬರು ಮಾತ್ರ ಇದಕ್ಕಾಗಿಯೇ ಕಾಯುತ್ತಿದ್ದವರಂತೆ ಮುಂದಕ್ಕೆ ಬಾಗಿದರು.

"ನೋಡು ಮಗಾ, ನಾನು ವೀಸಾ ತಗೊಂಡು ಬಂದವ. ಇದು ವೀಸಾ ಇಲ್ಲದೆ ಬಂದದ್ದು. ವ್ಯತ್ಯಾಸ ಇಲ್ವಾ?"

ಮಗಳು ಯೋಚಿಸಿದಳು. ಆಮೇಲೆ ಅಪರೂಪಕ್ಕೆ ಕನ್ನಡದಲ್ಲೇ, ಶಬ್ದ ಹುಡುಕಿ ಹುಡುಕಿ ಹೇಳಿದಳು: "ಆ ನೂಟ್ರಿಯಾನ ವೀಸಾ ಕೊಟ್ಟೇ ತಂದದ್ದಲ್ವಾ ಅಂಕಲ್? ಕಂಪನಿ ಕ್ಲೋಸ್ ಆಯ್ತು. ಮತ್ತೆ ಅವು ಎಲ್ಲಿಗೆ ಹೋಗೋದು?"

ಹಿಂದೆ ಪ್ಯಾಕಿಂಗ್ ಟೇಪಿನ ಸದ್ದು ನಿಂತಿತು. ಕುಂದಾಪುರದವರು ಕೈಯಲ್ಲಿ ಪೆಟ್ಟಿಗೆ ಹಿಡಿದು ನಿಂತಿದ್ದರು. ಅವರ ಕತೆ ನನಗೂ ಸಾಹೇಬರಿಗೂ ಗೊತ್ತು, ಮಗಳಿಗೆ ಗೊತ್ತಿರಲಿಲ್ಲ. ಮೊದಲು ಅವರಿದ್ದ ಕಂಪನಿ ಒಂದು ದಿನ ಬಾಗಿಲು ಹಾಕಿ, ಮಾಲೀಕ ಪತ್ತೆಯಿಲ್ಲದೆ ಹೋದ. ಇವರ ಪಾಸ್‌ಪೋರ್ಟು ಅವನಲ್ಲೇ ಉಳಿಯಿತು. ಅಂಥವರನ್ನು ಇಲ್ಲಿ ಖಲ್ಲಿವಲ್ಲಿ ಎನ್ನುತ್ತಾರೆ, ಕಾಗದವಿಲ್ಲದೆ, ಯಾರ ಲೆಕ್ಕಕ್ಕೂ ಇಲ್ಲದೆ ಇರುವವರು. ಸರ್ಕಾರ ಮಾಫಿ ಘೋಷಿಸುವವರೆಗೆ ಇವರು ಹಾಗೆ ಇದ್ದರು. ಮಾಫಿ ಸಿಕ್ಕಿದ ಮೇಲೆ ಕೆಲಸ ಕೊಟ್ಟವರು ಸಾಹೇಬರು.

"ಹನ್ನೊಂದ್ ತಿಂಗ್ಳ್ ನಾನೂ ಹಾಂಗೇ ಇದ್ದದ್ ಅಲ್ದಾ ಸಾಹೇಬ್ರೆ," ಎಂದರು. ದೂರುವ ದನಿಯಲ್ಲ, ಹವಾಮಾನ ಹೇಳುವ ದನಿ. ಮತ್ತೆ ಟೇಪು ಹಚ್ಚತೊಡಗಿದರು.

ಸಾಹೇಬರು ಎದ್ದು, ತಾವೇ ಹೋಗಿ ನಾಲ್ಕು ಚಾ ಮಾಡಿ ತಂದರು. ನಾನು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅದು ಮೊದಲ ಸಲ. ಸಕ್ಕರೆ ಹಾಕುವುದನ್ನು ಮರೆತಿದ್ದರು, ಎಲ್ಲರೂ ಹಾಗೇ ಕುಡಿದೆವು.

ಗೆದ್ದೆನೆಂದು ಮಗಳು ಬೀಗಬಹುದೆಂದು ನಾನು ಅಂದುಕೊಂಡೆ. ಅವಳು ಫೋನಿನಲ್ಲಿ ಏನೋ ಓದುತ್ತಾ ಕೂತಿದ್ದಳು. ವಿಜ್ಞಾನದ ಟೀಚರಿಗೆ ಬೆಳಿಗ್ಗೆಯೇ ಮೆಸೇಜು ಕಳಿಸಿದ್ದಳಂತೆ, ಈಗ ಉತ್ತರ ಬಂದಿತ್ತು. ಆ ಕೀಟದವನು ಹೇಳಿದ್ದು ನಿಜ ಎಂದು ಟೀಚರು ಬರೆದಿದ್ದರು. ಇಂಥ ಪ್ರಾಣಿ ಹೆಚ್ಚಾದರೆ ಇಲ್ಲಿಯ ಹಕ್ಕಿಗಳಿಗೆ ಕಷ್ಟ. ಬೇಕಿಲ್ಲದ ಕಡೆ ಬಿಡುವುದು ದಯೆಯಂತೆ ಕಂಡರೂ ಬೇರೆ ಯಾವುದೋ ಗೂಡು ಅದರ ಬೆಲೆ ತೆರುತ್ತದೆ. ಹಾಗಾದರೆ ಏನು ಮಾಡೋಣ ಎಂದು ಕೇಳಿದೆ. ಅವಳು ಗೊತ್ತಿಲ್ಲ ಎಂದಳು. ಹದಿಮೂರು ವರ್ಷ ಸಾಕಿದ್ದೇನೆ, ಆ ಮಾತು ಅವಳ ಬಾಯಿಂದ ಕೇಳಿದ್ದು ಅಂದೇ. ಕಣ್ಣಲ್ಲಿ ನೀರಿತ್ತು. ನಾನು ತಲೆ ಸವರಿದೆ, ಅವಳು ಸರಿಯಲಿಲ್ಲ.

ನಡುಹಗಲಿನ ಜುಹರ್ ನಮಾಜಿಗೆ ಕೈಕಾಲು ತೊಳೆಯಲು ಹೋದವಳು ವಾಪಸು ಬರುವಾಗ ಕಿಟಕಿಯ ಗಾಜಿನಿಂದ ನೋಡಿದೆ. ಸಾಹೇಬರು ಪಂಜರವನ್ನು ಅಂಗಳಕ್ಕೆ ತಂದಿದ್ದರು. ಮಂಡಿನೋವಿನ ಮನುಷ್ಯ, ಒಂದು ಕೈ ಗೋಡೆಗೆ ಊರಿ ಕಷ್ಟಪಟ್ಟು ಬಗ್ಗಿದರು. ಬಾಗಿಲಿನ ಕೊಕ್ಕೆ ಅವರಿಗೆ ಬೇಗ ಸಿಗಲಿಲ್ಲ. ಸಿಕ್ಕಿದಾಗ ಪಂಜರಕ್ಕೆ ಮೆಲ್ಲಗೆ ತಟ್ಟಿ, ಹೊರಡು ಎಂದು ಅರಬ್ಬಿಯಲ್ಲಿ "ಯಲ್ಲಾ" ಎಂದರು. ಅಳಿಲು ಒಂದು ಕ್ಷಣ ಅನುಮಾನಿಸಿ, ಆಮೇಲೆ ಅವರ ಚಪ್ಪಲಿಯ ಮೇಲಿಂದಲೇ ಹಾದು ಗೋಡೆ ಏರಿ ಬೋರ್ಡಿನ ಹಿಂದೆ ಮರೆಯಾಯಿತು. ನಾನು ನೋಡಿದ್ದು ಅವರಿಗೆ ತಿಳಿಯಬಾರದೆಂದು ಪಕ್ಕಕ್ಕೆ ಸರಿದೆ.

ಊಟದ ನಂತರ ಕೀಟದವನು ಬಂದಾಗ ಸಾಹೇಬರು ಪಂಜರದ ಕೊಕ್ಕೆ ಸರಿ ಇರಲಿಲ್ಲ ಎಂದು ಅವನನ್ನೇ ಗದರಿದರು. ಅವನು ಕೊಕ್ಕೆ ನೋಡಿದ, ಸಾಹೇಬರ ಮುಖ ನೋಡಿದ, ಚಾ ಕುಡಿದ. ಮತ್ತೊಂದು ಪಂಜರ ಇಡಲೇ ಎಂದು ಕೇಳಿದ್ದಕ್ಕೆ ಸಾಹೇಬರು ಖಲಾಸ್, ಬೇಡ ಎಂದರು. ಮರಿಗಳು ದೊಡ್ಡವಾಗಿ ಹೊರಬಿದ್ದ ಮೇಲೆ ಫ್ಯಾನಿನ ಸಂದಿಗೆ ತಂತಿಬಲೆ ಬಡಿಸಿದರು. ಅಲ್ಲಿಯವರೆಗೆ ನಾನು ಬ್ರಶ್ಶಿಗೆ ಬಂದ ಉದುರು ತುಪ್ಪಳವನ್ನು ಮುದ್ದೆ ಮಾಡಿ ಬೇವಿನ ಬುಡದಲ್ಲಿಡುತ್ತಿದ್ದೆ. ಕೋಟಿನ ಹತ್ತಿರ ಅದು ಮತ್ತೆ ಬರಲಿಲ್ಲ.

ನಾವು ಮಾಡಿದ್ದು ಸರಿ ಎಂದು ಹೇಳಲು ನನಗೆ ಧೈರ್ಯವಿಲ್ಲ. ಮರುವರ್ಷ ಆ ಬೇವಿನಲ್ಲಿ ಅಳಿಲುಗಳು ಹೆಚ್ಚಿದ್ದವು. ಬೇಳೆಕಾಳಿನವರು ಮೂಟೆ ತೂತಾಗುತ್ತಿದೆ ಎಂದು ನಮ್ಮ ಬಾಗಿಲಿಗೆ ಬಂದರು. ಅದೇ ಮರದಲ್ಲಿ ಬೆಳಿಗ್ಗೆ ಹಾಡುತ್ತಿದ್ದ ಒಂದು ಪುಟ್ಟ ಹಕ್ಕಿಯ ದನಿ ಈಗ ಕೇಳುವುದಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ, ಮಗಳು ಮಾತ್ರ ಆ ವಿಷಯ ಎತ್ತಿದರೆ ಎದ್ದು ತನ್ನ ಕೋಣೆಗೆ ಹೋಗುತ್ತಾಳೆ. ಸಾಹೇಬರು ನೂಟ್ರಿಯಾ ತರಿಸುವುದನ್ನು ನಿಲ್ಲಿಸಿದರು. ಮಿಂಕು ನಿಲ್ಲಿಸಲಿಲ್ಲ. ಆದರೆ ಈಚೆಗೆ ಹಳೆಯ ಕೋಟುಗಳನ್ನು ಬಿಚ್ಚಿ ಹೊಸದಾಗಿ ಹೊಲಿಯುವ ಕೆಲಸ ಹೆಚ್ಚಾಗಿ ಹಿಡಿಯುತ್ತಿದ್ದಾರೆ. ಅಜ್ಜಿಯ ಕೋಟನ್ನು ಮೊಮ್ಮಗಳ ಅಳತೆಗೆ ಮಾಡುವುದು. ಸತ್ತದ್ದು ಯಾವಾಗಲೋ ಸತ್ತಾಗಿದೆ ಎಂಬುದು ಅವರ ಲೆಕ್ಕಾಚಾರ. ನನಗೂ ಆ ಕೆಲಸವೇ ಇಷ್ಟ.

ಕಳೆದ ತಿಂಗಳು ನಮ್ಮ ಫ್ಲ್ಯಾಟಿಗೆ ಇಲಿ ಬಂತು. ಶುಕ್ರವಾರ ಬೆಳಿಗ್ಗೆ ಅಡುಗೆಮನೆಯಿಂದ ಮಗಳ ಕಿರುಚಾಟ ಕೇಳಿ ನಾವಿಬ್ಬರೂ ಓಡಿದರೆ ಅವಳು ಸ್ಟೂಲಿನ ಮೇಲೆ ಹತ್ತಿ ನಿಂತಿದ್ದಳು. ಈಗ ಹತ್ತನೇ ತರಗತಿ, ಅಪ್ಪನಷ್ಟೇ ಎತ್ತರ. ಅಪ್ಪ ಪೊರಕೆ ಎತ್ತಿದ ಕೂಡಲೇ, ಸ್ಟೂಲಿನ ಮೇಲಿಂದ ಇಳಿಯದೆಯೇ, ಕೊಲ್ಲಬಾರದು ಎಂದು ಅಪ್ಪಣೆ ಮಾಡಿದಳು. ಹಾಗಾದರೆ ಇಲ್ಲೇ ಇರಲಿ, ನಿನ್ನ ಕೋಣೆಯಲ್ಲಿ ಮಲಗಲಿ ಎಂದರು ಗಂಡ. ಅದೂ ಆಗುವುದಿಲ್ಲವಂತೆ. ಅರ್ಧ ಗಂಟೆ ಪಾತ್ರೆಗಳ ನಡುವೆ ಓಡಾಡಿ ಕಡೆಗೆ ಬಿರಿಯಾನಿಯ ದೊಡ್ಡ ಡಬ್ಬಿಯೊಳಗೆ ಅದನ್ನು ಹಿಡಿದದ್ದು ನಾನು. ಮೈಮೇಲೆ ಬೂದು ತುಪ್ಪಳ, ನೋಡಲು ಮೆತ್ತಗಿತ್ತು. ನನ್ನ ಕೈ ಅಭ್ಯಾಸಬಲದಿಂದ ಅಳತೆ ನೋಡಿತು, ಹಾಗೆಂದು ಮಗಳಿಗೆ ಹೇಳಲಿಲ್ಲ.

ಮೂವರೂ ಲಿಫ್ಟಿನಲ್ಲಿ ಇಳಿದೆವು. ಐದನೇ ಮಹಡಿಯಲ್ಲಿ ಹತ್ತಿದ ಹೆಂಗಸೊಬ್ಬರು ಡಬ್ಬಿ ನೋಡಿ, ಶುಕ್ರವಾರದ ಬಿರಿಯಾನಿ ಯಾರ ಮನೆಗೆ ಎಂದು ಹಿಂದಿಯಲ್ಲಿ ವಿಚಾರಿಸಿದರು. ಸಂಬಂಧಿಕರ ಮನೆಗೆ ಎಂದೆ. ಕೆಳಗೆ ರಸ್ತೆಯಲ್ಲಿ ನಿಂತು ಎಲ್ಲಿ ಬಿಡುವುದೆಂದು ಚರ್ಚೆ ನಡೆಯಿತು. ನಮ್ಮ ಅಲ್ ನಹ್ದಾದ ರಸ್ತೆ ದಾಟಿದರೆ ಆಚೆ ಬೇರೆಯೇ ಎಮಿರೇಟು, ಶಾರ್ಜಾ. ಕಟ್ಟಡದ ಹಿಂದೆ ಬಿಟ್ಟರೆ ಸಂಜೆಗೆ ವಾಪಸು ಬರುತ್ತದೆ ಎಂದು ನಾನು. ಉದ್ಯಾನದಲ್ಲಿ ಬಿಟ್ಟರೆ ಹಕ್ಕಿಗಳಿಗೆ ತೊಂದರೆ ಎಂದು ಮಗಳು.

"ಶಾರ್ಜಾದಲ್ಲೇ ಬಿಡುವ," ಎಂದರು ಗಂಡ. "ಅಲ್ಲಿ ಬಾಡಿಗೆ ಕಮ್ಮಿ."

ಮಗಳು ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಸಿಗ್ನಲ್ ಹಸಿರಾಯಿತು. ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡು ನಾನು ಮುಂದೆ, ಅವರಿಬ್ಬರೂ ಹಿಂದೆ, ರಸ್ತೆ ದಾಟಿದೆವು.